ಜ್ವರಕ್ಕೆ ಕುಳಿತ ಹುಳು

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ರೇಷ್ಮೆಹುಳುವಿನ ವಿಚಾರ ಹೇಳಹೊರಡುವುದು ಅಜ್ಜಿಗೆ ಕೆಮ್ಮು ಕಲಿಸಿದಂತಾದೀತು. ಆದರೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಿಪ್ಪುನೇರಳೆ ತೋಟಗಳ ಮಗ್ಗುಲಲ್ಲಿ ಬೆಳೆದ ಯಾರೂ ಬಲ್ಲ ಒಂದು ಸಂಗತಿಯಿಂದಲೇ ನಾನು ಈ ಬರಹವನ್ನು ಪ್ರಾರಂಭಿಸಬೇಕಾಗಿದೆ. ಹುಳು ಮೊಟ್ಟೆಯೊಡೆದು ಹೊರಬಂದ ದಿವಸದಿಂದ ಗೂಡು ಕಟ್ಟುವ ತನಕ ನಾಲ್ಕು ಸಲ ಪೊರೆ ಕಳಚುತ್ತದೆ. ಇದಕ್ಕೆ ನಮ್ಮವರು ಜ್ವರವೆಂದು ಹೆಸರಿಟ್ಟಿದ್ದಾರೆ. ಜ್ವರಕ್ಕೆ ಕುಳಿತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆಯನ್ನು ಮೇಲಕ್ಕೆತ್ತಿಕೊಂಡು ಅಲುಗಾಡದೆ ಕುಳಿತುಬಿಡುತ್ತದೆ. ನಿನ್ನೆಯವರೆಗೆ ತಟ್ಟೆಯ ತುಂಬ ಹರಿದಾಡುತ್ತ ಎಲೆ ಮೇಯುತ್ತಿದ್ದದ್ದು ಇಂದು ಹೀಗಾಯಿತಲ್ಲಾ ಎಂದು ತಿಳಿಯದವನು ಗಾಬರಿಗೊಳ್ಳುತ್ತಾನೆ. ನಾನು ಚಿಕ್ಕವನಾಗಿದ್ದಾಗ ಹಾಗೆಯೇ ಗಾಬರಿಗೊಂಡು ಒಂದು ಹುಳುವನ್ನು ಬೆರಳಿನಿಂದ ಮುಟ್ಟಿ ನೋಡಹೋದೆ. ನಮ್ಮ ತಾಯಿಯವರು ಕೈಹಿಡಿದು, "ಮುಟ್ಟಬೇಡ, ಮಗ. ಅದು ಸುಮ್ಮನೆ ಕೂತಿಲ್ಲ, ದೊಡ್ಡದಾಗುತ್ತಾ ಇದೆ" ಎಂದರು.

ನಾನು ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವನು. ಹುಳುವಿನ ವಿಷಯದಲ್ಲಿ ಕಲಿತಿದ್ದ ಈ ಪಾಠವನ್ನು ಹುಡುಗನೊಬ್ಬನ ವಿಷಯದಲ್ಲಿ ಮರೆತೆ. ಅದೇ ಕಾಲದಲ್ಲಿ ಬೆಂಗಳೂರಿನ ತಂಡವೊಂದರಲ್ಲಿ ಮತ್ತೊಬ್ಬ ಹುಡುಗನಿದ್ದ. ಈ ಇಬ್ಬರ ಕಥೆಯನ್ನೂ ಒಟ್ಟಿಗೆ ಹೇಳಿದರೆ ಮಾತ್ರ ನನ್ನ ಮನಸ್ಸಿನಲ್ಲಿರುವುದು ವಾಚಕರಿಗೆ ತಿಳಿದೀತು.

೨೦೦೮ನೆಯ ಇಸವಿಯಲ್ಲಿ ದೇಶದಲ್ಲಿ ಎಂಟು ಕ್ರಿಕೆಟ್ ತಂಡಗಳು ಏರ್ಪಟ್ಟವು. ಹೆಸರಾಂತ ಆಟಗಾರರನ್ನು ಶ್ರೀಮಂತರು ಹರಾಜಿನಲ್ಲಿ ಕೊಂಡರು. ಹತ್ತೊಂಬತ್ತು ವರ್ಷದೊಳಗಿನ ಹುಡುಗರನ್ನು ಮಾತ್ರ ಹರಾಜಿಗಿಡದೆ, ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕೆಂದು ಗೊತ್ತುಮಾಡಿದ್ದರು. ಆ ವರ್ಷ ಮಾರ್ಚಿಯಲ್ಲಿ ಮಲೇಷ್ಯಾದಲ್ಲಿ ಹುಡುಗರ ವಿಶ್ವಕಪ್ಪನ್ನು ಗೆದ್ದುಬಂದಿದ್ದ ಭಾರತ ತಂಡದ ನಾಯಕ ವಿರಾಟ್ ಕೊಹ್ಲಿ ದೆಹಲಿಯವನು. ದೆಹಲಿಯ ತಂಡ ಅವನನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಎಂಬ ಎಡಗೈ ಬೌಲರನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿನ ಪಾಲಿಗೆ ಬಂದ. ಕರ್ನಾಟಕದವರು ಅವನನ್ನು ಅದಕ್ಕೆ ಮುಂಚೆಯೇ ಕಂಡಿದ್ದರು. ೨೦೦೬ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಮ್ಮ ರಾಜ್ಯದ ತಂಡಕ್ಕೂ ದೆಹಲಿಗೂ ರಣಜಿ ಪಂದ್ಯ ನಡೆಯುತ್ತಿತ್ತು. ಸಂಜೆ ಔಟಾಗದೆ ಉಳಿದಿದ್ದ ಆ ಹದಿನೆಂಟು ವರ್ಷದ ಹುಡುಗನ ತಂದೆ ರಾತ್ರಿ ತೀರಿಕೊಂಡರು. ಮಾರನೆಯ ಬೆಳಗ್ಗೆ ಅವನು ಮೈದಾನಕ್ಕೆ ಬಂದು ಬ್ಯಾಟು ಹಿಡಿದು, ೯೦ ರನ್ನು ಮಾಡಿ, ಸೋಲಿನ ಅಂಚಿನಲ್ಲಿದ್ದ ತನ್ನ ತಂಡಕ್ಕೆ ಆಸರೆಯಾಗಿ, ಆಮೇಲೆ ಅಂತ್ಯಕ್ರಿಯೆಗೆ ಹೋದ.

ಇಂಥವನು ಬಂದನೆಂದು ತಂಡಕ್ಕೆ ಒಡನೆಯೇ ಒಳ್ಳೆಯ ಕಾಲ ಬಂತೆಂದಲ್ಲ. ೨೦೦೮ರ ಏಪ್ರಿಲ್ ೧೮ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಎದುರಾಳಿಗಳ ಪೈಕಿ ಮೆಕಲಮ್ ಒಬ್ಬನೇ ೧೫೮ ಹೊಡೆದ. ನಮ್ಮವರೆಲ್ಲ ಸೇರಿ ೮೨ಕ್ಕೆ ಮುಗಿದರು. ಕೊಹ್ಲಿ ಮಾಡಿದ್ದು ಒಂದು ರನ್ನು. ಆ ವರ್ಷ ರಾಹುಲ್ ದ್ರಾವಿಡರ ನಾಯಕತ್ವದಲ್ಲಿ ತಂಡ ಎಂಟರಲ್ಲಿ ಏಳನೆಯದಾಯಿತು. ಹುಡುಗನ ಒಟ್ಟು ಗಳಿಕೆ ೧೬೫. ಆದರೆ ತಂಡದವರು ಅವನನ್ನು ಬಿಡಲಿಲ್ಲ. ದಕ್ಷಿಣ ಆಫ್ರಿಕದ ಹಿರಿಯ ಆಟಗಾರ ಮಾರ್ಕ್ ಬೌಚರ್ ತಾನಾಗಿಯೇ ಹತ್ತಿರ ಬಂದು, ಎದೆಯ ಮಟ್ಟಕ್ಕೆ ಏಳುವ ಚೆಂಡನ್ನು ಎದುರಿಸುವ ಬಗೆಯನ್ನು ಹೇಳಿಕೊಟ್ಟರೆಂದು ಕೊಹ್ಲಿ ಬಹಳ ಕಾಲದ ಮೇಲೆ ಸ್ಮರಿಸಿಕೊಂಡದ್ದುಂಟು. ಮರುವರ್ಷ ೨೪೬, ಅದರ ಮರುವರ್ಷ ೩೦೭ ರನ್ನುಗಳಾದವು. ಮೂರು ವರ್ಷ ಮುಗಿದು, ಹಳೆಯ ಆಟಗಾರರಲ್ಲಿ ಯಾರನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ತಂಡ ಎಲ್ಲರನ್ನೂ ಬಿಟ್ಟು ಈತನೊಬ್ಬನನ್ನೇ ಉಳಿಸಿಕೊಂಡಿತು. ೨೦೧೧ರಲ್ಲಿ ಆತ ೫೫೭ ರನ್ನು ಮಾಡಿದ. ಮೂರು ವರ್ಷ ಕಾದದ್ದರ ಫಲ ಅದು.

ಇನ್ನು ನನ್ನ ಕಥೆ. ಅದೇ ೨೦೦೮ರಲ್ಲಿ ನಮ್ಮ ಶಾಲೆಗೆ ವ್ಯಾಯಾಮದ ಮೇಷ್ಟ್ರಿರಲಿಲ್ಲವಾಗಿ, ಕನ್ನಡ ಪಾಠ ಹೇಳುತ್ತಿದ್ದ ನನಗೆ ಕ್ರಿಕೆಟ್ ತಂಡದ ಹೊಣೆಯನ್ನು ವಹಿಸಿದರು. ಸುತ್ತಲ ಶಾಲೆಗಳೊಡನೆ ಆಡಿದ ಪಂದ್ಯಗಳಲ್ಲೆಲ್ಲ ನಾವು ಸೋಲುತ್ತಿದ್ದೆವು. ಹೀಗಿರುವಾಗ ಒಂಬತ್ತನೆಯ ತರಗತಿಗೆ ಒಬ್ಬ ಹುಡುಗ ಬಂದ. ನೂಲು ಬಿಚ್ಚುವ ಮನೆಯವನು. ಮುಂಜಾನೆ ಬಿಸಿನೀರಿನ ಮುಂದೆ ಕುಳಿತು ಗೂಡಿನ ಎಳೆ ಹಿಡಿಯುವುದರಲ್ಲಿ ತಂದೆಗೆ ನೆರವಾಗಿ ಶಾಲೆಗೆ ಬರುತ್ತಿದ್ದ. ಬೆರಳ ತುದಿಗಳು ಯಾವಾಗಲೂ ನೆನೆದು ಬೆಳ್ಳಗಿರುತ್ತಿದ್ದವು. ಆ ಬೆರಳುಗಳು ಬ್ಯಾಟು ಹಿಡಿದರೆ ನೋಡುವುದಕ್ಕೆ ಒಂದು ಸಂತೋಷ. ನಾನು ಅವನೊಬ್ಬನ ಮೇಲೆಯೇ ತಂಡವನ್ನು ಕಟ್ಟಿದೆ. ಮೊದಲು ಬ್ಯಾಟು ಮಾಡುವವನು ಅವನು, ಮೊದಲು ಬೌಲು ಮಾಡುವವನು ಅವನು, ನಾಯಕನೂ ಅವನೇ. ಉಳಿದ ಹತ್ತು ಹುಡುಗರು ಬರಿಯ ಲೆಕ್ಕಕ್ಕೆ ಇದ್ದರು. ಒಂದೆರಡು ಪಂದ್ಯ ಗೆದ್ದೆವು. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ.

ಡಿಸೆಂಬರಿನಲ್ಲಿ ಮಾಗಡಿಯ ಕಡೆ ಒಂದು ಪಂದ್ಯವಾಯಿತು. ಅದಕ್ಕೆ ಹಿಂದಿನ ಮೂರು ವಾರಗಳಿಂದ ಹುಡುಗನ ಆಟ ಮಂದವಾಗಿತ್ತು. ಕಾರಣ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಅಂದು ಅವನು ಎರಡನೆಯ ಚೆಂಡಿಗೆ ಔಟಾದ. ನಮ್ಮವರು ಒಬ್ಬರ ಹಿಂದೊಬ್ಬರು ಬಿದ್ದರು. ಪಂದ್ಯ ಮುಗಿದ ಮೇಲೆ ನಾನು ಎಲ್ಲ ಹುಡುಗರ ಮುಂದೆ ಅವನನ್ನು ನಿಲ್ಲಿಸಿ, "ನಿನ್ನನ್ನು ನಂಬಿ ಎಲ್ಲರೂ ಕೆಟ್ಟೆವು" ಎಂದುಬಿಟ್ಟೆ. ಮಾರನೆಯ ದಿವಸದಿಂದ ಅವನು ಮೈದಾನಕ್ಕೆ ಬರಲಿಲ್ಲ. ಹತ್ತನೆಯ ತರಗತಿ ಮುಗಿಸಿ ಮನೆಯ ಕಸುಬಿಗೆ ಸೇರಿದನೆಂದು ಆಮೇಲೆ ಕೇಳಿದೆ. ಅವನನ್ನು ಕಂಡು ಒಂದು ಒಳ್ಳೆಯ ಮಾತಾಡಬೇಕೆಂದು ಅನೇಕ ಸಲ ಅಂದುಕೊಂಡೆ, ಹೋಗಲಿಲ್ಲ.

ಬೆಂಗಳೂರಿನ ತಂಡವೂ ಎಲ್ಲ ಕಾಲದಲ್ಲಿಯೂ ವಿವೇಕದಿಂದಲೇ ನಡೆದುಕೊಂಡಿತೆಂದು ನಾನು ಹೇಳಲಾರೆ. ಬೆಳೆದವನ ಮೇಲೆ ಅದು ಎಲ್ಲವನ್ನೂ ಹೇರಿತು. ೨೦೦೯ರಲ್ಲಿ ಅನಿಲ್ ಕುಂಬ್ಳೆಯವರ ನಾಯಕತ್ವದಲ್ಲಿ ಕಡೆಯ ಪಂದ್ಯ ಮುಟ್ಟಿ ೬ ರನ್ನುಗಳಿಂದ ಸೋತಿದ್ದರು. ೨೦೧೧ರಲ್ಲಿ ೫೮ ರನ್ನುಗಳಿಂದ ಸೋತರು. ೨೦೧೩ರಿಂದ ಕೊಹ್ಲಿಯೇ ನಾಯಕ. ೨೦೧೬ರಲ್ಲಿ ಆತ ಒಂದೇ ವರ್ಷ ೯೭೩ ರನ್ನು ಮಾಡಿದ, ನಾಲ್ಕು ಶತಕ. ಹಾಗಿದ್ದೂ ತಮ್ಮ ನೆಲವಾದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಕಡೆಯ ಪಂದ್ಯವನ್ನು ೮ ರನ್ನುಗಳಿಂದ ಕಳೆದುಕೊಂಡರು. ಮರುವರ್ಷ ಕೊಲ್ಕತ್ತದಲ್ಲಿ ಇಡೀ ತಂಡ ೪೯ಕ್ಕೆ ಮುಗಿದು, ಪಟ್ಟಿಯ ಕೊನೆಯಲ್ಲಿ ನಿಂತಿತು. ಒಬ್ಬನ ಸುತ್ತ ತಂಡ ಕಟ್ಟುವುದು ಬೇರೆ. ಒಬ್ಬನ ತಲೆಯ ಮೇಲೆ ತಂಡವನ್ನು ಹೊರಿಸುವುದು ಬೇರೆ. ಮಾಗಡಿಯಲ್ಲಿ ನಾನು ಮಾಡಿದ ತಪ್ಪು ಎರಡನೆಯ ಬಗೆಯದೆಂಬುದು ನನಗೆ ತಿಳಿದದ್ದು ಇದನ್ನೆಲ್ಲ ವರ್ಷ ವರ್ಷವೂ ನೋಡುತ್ತ ಬಂದ ಮೇಲೆ.

ಇದು ಹಣದ ಆಟ, ಇದರಲ್ಲಿ ಕಲಿಯುವುದೇನಿದೆ ಎಂದು ಮಿತ್ರರು ಕೆಲವರು ನನ್ನನ್ನು ಹಾಸ್ಯಮಾಡುವುದುಂಟು. ಹಣದ ಆಟವೆಂಬುದು ನಿಜ. ಆದರೆ ಹಣ ಕೊಟ್ಟು ಕೊಳ್ಳಲಾಗದ್ದೊಂದು ಅಲ್ಲಿಯೂ ಇತ್ತು: ಅದು ಕಾಲ. ೨೦೨೧ರಲ್ಲಿ ಕೊಹ್ಲಿ ನಾಯಕತ್ವವನ್ನು ಬಿಟ್ಟುಕೊಟ್ಟು ಸಾಮಾನ್ಯ ಆಟಗಾರನಾಗಿ ತಂಡದಲ್ಲಿ ಉಳಿದ. ೨೦೨೨ರ ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ರಜತ್ ಪಾಟೀದಾರ್ ಎಂಬಾತ, ಮತ್ತೊಬ್ಬರ ಸ್ಥಳಕ್ಕೆಂದು ತಡವಾಗಿ ಬಂದು ಶತಕ ಹೊಡೆದ. ೨೦೨೫ರಲ್ಲಿ ಆತನನ್ನೇ ನಾಯಕನನ್ನಾಗಿ ಮಾಡಿದರು. ಇಷ್ಟರೊಳಗೆ ಗಂಡಸರಿಗಿಂತ ಮೊದಲು ಹೆಣ್ಣುಮಕ್ಕಳೇ ಗೆದ್ದು ತೋರಿಸಿದ್ದರು: ೨೦೨೩ರಲ್ಲಿ ಸಾಲಾಗಿ ಐದು ಪಂದ್ಯ ಸೋತಿದ್ದ ಸ್ಮೃತಿ ಮಂಧಾನರ ತಂಡ ೨೦೨೪ರಲ್ಲಿ ಕಪ್ಪನ್ನು ಎತ್ತಿತು, ಕಡೆಯ ಪಂದ್ಯದಲ್ಲಿ ನಮ್ಮ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ ೧೨ ರನ್ನಿಗೆ ೪ ವಿಕೆಟ್ಟು ತೆಗೆದಳು.

೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಗಂಡಸರ ಸರದಿ ಬಂತು. ಬೆಂಗಳೂರು ೧೯೦, ಪಂಜಾಬು ೧೮೪. ಆ ದಿವಸ ನಮ್ಮ ಕಡೆಯಲ್ಲಿ ಒಬ್ಬರೂ ಐವತ್ತು ಮುಟ್ಟಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೊಹ್ಲಿ ೪೩, ಪಾಟೀದಾರ್ ೨೬, ನಮ್ಮ ಮಯಾಂಕ್ ಅಗರ್‌ವಾಲ್ ೨೪. ಹೀಗೆ ಎಲ್ಲರೂ ತಮ್ಮ ತಮ್ಮ ಶಕ್ತ್ಯನುಸಾರ ಒಂದೊಂದು ಹೊರೆ ಹೊತ್ತರು. ಕೃಣಾಲ್ ಪಾಂಡ್ಯ ೧೭ ರನ್ನಿಗೆ ೨ ವಿಕೆಟ್ಟು ತೆಗೆದು ಪಂದ್ಯದ ಶ್ರೇಷ್ಠನೆನಿಸಿದ. ಗೆಲುವು ಖಚಿತವಾದಾಗ ಮೂವತ್ತಾರು ವರ್ಷದ ಕೊಹ್ಲಿ ಮುಖ ಮುಚ್ಚಿಕೊಂಡು ಅತ್ತ. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದವನು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ.

ಮಾರನೆಯ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಜನ ನೂಕಿಕೊಂಡು ೧೧ ಮಂದಿ ಪ್ರಾಣ ಬಿಟ್ಟರು. ಅಷ್ಟು ವರ್ಷ ಕಾದಿದ್ದ ಸಂತೋಷ ಒಂದು ದಿವಸವೂ ಪೂರ್ತಿಯಾಗಿ ಉಳಿಯಲಿಲ್ಲ. ಕಾಯುವುದನ್ನು ಕಲಿತಿದ್ದ ಜನಕ್ಕೆ ಆ ಒಂದು ಸಂಜೆ ನಿಂತು ಕಾಯಲು ನೆಮ್ಮದಿಯಾದ ಎಡೆಯನ್ನು ಯಾರೂ ಮಾಡಿಕೊಡಲಿಲ್ಲ.

ಅದಾದ ವಾರದಲ್ಲಿ ಕಾರ್ಯಾರ್ಥವಾಗಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಗೂಡಿನ ರಾಶಿಗಳ ನಡುವೆ ಒಬ್ಬಾತ ಒಂದು ಹಿಡಿ ಗೂಡನ್ನು ಕಿವಿಯ ಬಳಿ ಅಲುಗಿಸಿ ನೋಡುತ್ತಿದ್ದವನು ನನ್ನನ್ನು ಕಂಡು, "ಮೇಷ್ಟ್ರೇ, ನಮಸ್ಕಾರ" ಎಂದ. ಬೆರಳುಗಳನ್ನು ನೋಡಿ ಗುರುತು ಹಿಡಿದೆ. ಚಹಾ ಕುಡಿಸಿದ. ತನಗೆ ಎಂಟು ವರ್ಷದ ಮಗನಿದ್ದಾನೆಂದೂ, ಅಂದು ಬೆಂಗಳೂರಿಗೆ ಕರೆದುಕೊಂಡು ಹೋಗೆಂದು ಬಹಳ ಹಟ ಮಾಡಿದನೆಂದೂ, ಶಾಲೆಯಿದೆಯೆಂದು ಗದರಿಸಿ ಕೂರಿಸಿದೆನೆಂದೂ ಹೇಳಿದ. "ರಾತ್ರಿ ಸುದ್ದಿ ಕೇಳಿದ ಮೇಲೆ ಮಲಗಿದ್ದವನ ತಲೆಯ ಮೇಲೆ ಕೈಯಿಟ್ಟುಕೊಂಡೇ ಬೆಳಗು ಮಾಡಿದೆ ಮೇಷ್ಟ್ರೇ."

ಹದಿನಾರು ವರ್ಷದಿಂದ ನುಂಗಿಕೊಂಡಿದ್ದ ಮಾತನ್ನು ನಾನು ಅಲ್ಲಿಯೇ ಹೇಳಿದೆ. "ಮಾಗಡಿಯಲ್ಲಿ ನಿನಗೆ ಆಡಬಾರದ ಮಾತಾಡಿದೆ. ತಪ್ಪು ನನ್ನದು, ಅಪ್ಪಾ."

ಅವನು ಸ್ವಲ್ಪ ಹೊತ್ತು ಲೋಟವನ್ನೇ ನೋಡುತ್ತಿದ್ದು, "ಆಗ ಅಪ್ಪನಿಗೆ ಮೈ ಸರಿಯಿರಲಿಲ್ಲ ಮೇಷ್ಟ್ರೇ, ರಾತ್ರಿಯೆಲ್ಲ ಕೆಲಸ ನನ್ನ ಮೇಲಿತ್ತು. ನೀವು ಏನಂದಿರೋ ಈಗ ಸರಿಯಾಗಿ ನೆನಪಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ, ಅದು ನೆನಪಿದೆ" ಎಂದ. ಮಗ ಆಡಿ ಬಂದಾಗ ಎಷ್ಟು ಹೊಡೆದೆಯೆಂದು ತಾನು ಕೇಳುವುದಿಲ್ಲವೆಂದೂ, ಊಟ ಮಾಡೆಂದು ಮಾತ್ರ ಹೇಳುತ್ತೇನೆಂದೂ ನಕ್ಕ. ಅಷ್ಟರಲ್ಲಿ ಹರಾಜಿನ ಹೊತ್ತಾಯಿತೆಂದು ಎದ್ದು ಹೋದ.

ಮುಂದಿನ ಭಾನುವಾರ ಆ ಮಗುವಿನ ಆಟವನ್ನು ನೋಡಲು ಹೋಗಿದ್ದೆ. ಮೈದಾನದ ಅಂಚಿನಲ್ಲಿ ಒಂದು ಕಲ್ಲುಚಪ್ಪಡಿಯ ಮೇಲೆ ಕುಳಿತೆ. ಹುಡುಗ ಮೂರನೆಯ ಚೆಂಡಿಗೆ ಔಟಾಗಿ, ಬ್ಯಾಟನ್ನು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಬರುತ್ತಿದ್ದ. ನಾನು ಸ್ವಲ್ಪ ಸರಿದು ಜಾಗ ಮಾಡಿದೆ. ಅವನು ಬಂದು ಪಕ್ಕದಲ್ಲಿ ಕುಳಿತ. ನಾನು ಏನನ್ನೂ ಕೇಳಲಿಲ್ಲ.