ಪುಟ್ಟ ಗೊರವದ ಕಾಲು

ಹಕ್ಕಿಗಳ ಛಾಯಾಚಿತ್ರ ತೆಗೆಯುವುದೆಂದರೆ ಮರದ ಕಡೆಗೆ ಕತ್ತೆತ್ತಿ ನಿಲ್ಲುವ ಕೆಲಸವೆಂದು ಬಹಳ ಮಂದಿ ತಿಳಿದಿದ್ದಾರೆ. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು. ಕೆರೆಯ ಅಂಚಿನಲ್ಲಿ ಮೇಯುವ ಸಣ್ಣ ಹಕ್ಕಿಗಳ ಬೆನ್ನು ಹತ್ತಿದ ಮೇಲೆ ಈ ತಿಳಿವಳಿಕೆ ತಲೆಕೆಳಗಾಯಿತು. ಇವುಗಳ ಚಿತ್ರ ಚೆನ್ನಾಗಿ ಬರಬೇಕಾದರೆ ಕೆಸರಿನ ಮೇಲೆ ಬೋರಲಾಗಿ ಮಲಗಬೇಕು. ಅರವತ್ತು ದಾಟಿದವರಿಗೆ ಮಲಗುವುದೇನೋ ಸುಲಭ, ಏಳುವುದೇ ಕಷ್ಟ.

ಗದಗ ಜಿಲ್ಲೆಯಲ್ಲಿ ಹಕ್ಕಿಗಳ ಮಾತು ಬಂದೊಡನೆ ಎಲ್ಲರೂ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ನೆನೆಯುತ್ತಾರೆ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳಿಂದ ಆ ಕೆರೆಗೆ ಹೆಸರು ಬಂತು. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ನಾವು ಹೋಗುವುದು ಮಾತ್ರ ಯಾವ ಪಟ್ಟಿಯಲ್ಲಿಯೂ ಇಲ್ಲದ ನಮ್ಮೂರ ಕೆರೆಗೆ. ಸಂಕ್ರಾಂತಿ ಕಳೆಯುತ್ತಲೇ ಅಲ್ಲಿ ನೀರು ಹಿಂದೆ ಸರಿದು, ಎರೆಮಣ್ಣಿನ ಹಸಿ ಕೆಸರು ಮೇಲೆ ಕಾಣತೊಡಗುತ್ತದೆ. ಆ ಕೆಸರಿನಲ್ಲಿ ಹುಳುಗಳು, ಆ ಹುಳುಗಳಿಗಾಗಿ ಹಕ್ಕಿಗಳು. ಕೆಂಪು ಕೋಲುಗಳ ಮೇಲೆ ನಿಂತಂತೆ ಕಾಣುವ ಮೆಟ್ಟುಗಾಲು ಹಕ್ಕಿ, ನಮ್ಮ ಸುಳಿವು ಸಿಕ್ಕೊಡನೆ ಕೆರೆಗೆಲ್ಲ ಕೂಗಿ ಹೇಳುವ ಟಿಟ್ಟಿಭ, ಬಾಲ ಕುಣಿಸುತ್ತಲೇ ನಡೆಯುವ ಗೊರವಗಳು. ಇವೆಲ್ಲವುಗಳ ನಡುವೆ ಗುಬ್ಬಿಯಷ್ಟೇ ಇರುವ ಒಂದು ಹಕ್ಕಿಯುಂಟು. ಇಂಗ್ಲಿಷಿನಲ್ಲಿ ಲಿಟಲ್ ಸ್ಟಿಂಟ್ ಎನ್ನುತ್ತಾರೆ. ಮನೆಯಲ್ಲಿ ನಾವು ಪುಟ್ಟ ಗೊರವ ಎಂದು ಕರೆಯುತ್ತೇವೆ. ತೂಕ 20ರಿಂದ 30 ಗ್ರಾಂ. ಮರವೇ ಬೆಳೆಯದ ಉತ್ತರ ಧ್ರುವದ ಅಂಚಿನ ಟಂಡ್ರಾ ಬಯಲಿನಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿ, ಚಳಿಗಾಲವನ್ನು ಕಳೆಯಲು ಇಲ್ಲಿಯವರೆಗೆ ಹಾರಿ ಬರುತ್ತದೆ. ಕೆಸರಿಗೆ ಕೊಕ್ಕು ಹಾಕುವ ವೇಗವೋ, ಹೊಲಿಗೆ ಯಂತ್ರದ ಸೂಜಿಯದು.

ಮೊದಲ ವರ್ಷ ನಿಂತುಕೊಂಡೇ ಚಿತ್ರ ತೆಗೆದೆವು. ನಿಂತವನಿಗೆ ಕಾಣುವುದು ಹಕ್ಕಿಯ ಬೆನ್ನು. ಅದಕ್ಕೆ ಹಿನ್ನೆಲೆ ಅದರ ಪಕ್ಕದ ಕೆಸರೇ. ಬೆನ್ನೂ ಕಂದು, ಕೆಸರೂ ಕಂದು. ಹಕ್ಕಿ ಎಲ್ಲಿದೆಯೆಂದು ನೋಡಿದವರಿಗೆ ಬೆರಳಿಟ್ಟು ತೋರಿಸಬೇಕಾಗಿತ್ತು. ಅದೇ ಮಸೂರವನ್ನು ನೆಲದಿಂದ ನಾಲ್ಕು ಅಂಗುಲದ ಎತ್ತರಕ್ಕೆ ಇಳಿಸಿದರೆ ಹಿನ್ನೆಲೆ ಆಚೆಯ ದಡಕ್ಕೆ ಹೋಗಿಬಿಡುತ್ತದೆ. ಫೋಕಸ್ ಹಕ್ಕಿಯ ಕಣ್ಣಿನ ಮೇಲೆ ನಿಂತಾಗ ಅಷ್ಟು ದೂರದ ನೀರು, ಏರಿ, ಜಾಲಿಮರ ಎಲ್ಲವೂ ಕರಗಿ ಬರಿಯ ಬಣ್ಣವಾಗುತ್ತವೆ. ಹಕ್ಕಿಯೊಂದೇ ಸ್ಪಷ್ಟವಾಗಿ ಉಳಿಯುತ್ತದೆ. ತೆವಳಿಕೊಂಡು ಬೆನ್ನಟ್ಟಿದರೆ ಅದು ಹಾರಿಹೋಗುತ್ತದೆ. ಅದು ಮೇಯುತ್ತ ಬರುವ ದಾರಿಯನ್ನು ನೋಡಿಟ್ಟುಕೊಂಡು, ಬೆನ್ನ ಹಿಂದೆ ಸೂರ್ಯನಿರುವಂತೆ ಮೊದಲೇ ಹೋಗಿ ಮಲಗಬೇಕು. ಅರ್ಧ ತಾಸು ಅಲುಗದಿದ್ದರೆ ತಾನಾಗಿಯೇ ಮಾರು ದೂರಕ್ಕೆ ಬರುತ್ತದೆ. ಎಂಟೂವರೆಯ ಮೇಲೆ ಕಾದು ಫಲವಿಲ್ಲ. ನೆಲ ಕಾದು ಗಾಳಿ ನಡುಗತೊಡಗುತ್ತದೆ. ಕೆಳಗೆ ಮಲಗಿದವನ ಚಿತ್ರದಲ್ಲಿ ಆ ನಡುಕವೇ ತುಂಬಿರುತ್ತದೆ.

ಮಲಗುವಾಗ ನಮಗೆ ಮೊದಲು ಎದುರಾದ ತೊಡಕು ಕ್ಯಾಮೆರಾದ್ದಲ್ಲ. ಎದೆಯ ಮೇಲಿನ ಕರಡಿಗೆ ಕೆಸರಿಗೆ ಒತ್ತುವುದಲ್ಲ! ಮೊದಲ ದಿನ ಅರ್ಧ ಬಾಗಿ ಹಾಗೆಯೇ ಎದ್ದುಬಂದೆವು. ಮರುದಿನ ಲಿಂಗಪೂಜೆ ಮುಗಿದ ಮೇಲೆ ನಮ್ಮ ಮನೆಯವರು ಶಿವದಾರವನ್ನು ಮೋಟು ಮಾಡಿ, ಕರಡಿಗೆಯನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ, ಕೊರಳ ಬುಡಕ್ಕೆ ಬರುವಂತೆ ಕಟ್ಟಿಕೊಟ್ಟರು. ಮೊಣಕೈ ಊರಿ ಮಲಗಿದಾಗ ಕೊರಳು ನೆಲದಿಂದ ಗೇಣುದ್ದ ಮೇಲಿರುತ್ತದೆ, ಕೆಸರು ತಾಗುವುದಿಲ್ಲ. ಕ್ಯಾಮೆರಾಕ್ಕೂ ಅವರೇ ಹಳೆಯ ಪ್ಯಾಂಟಿನ ಒಂದು ಕಾಲನ್ನು ಹೊಲಿದು, ಜೋಳ ತುಂಬಿ, ದಿಂಬು ಮಾಡಿದರು. ಅದು ಒಮ್ಮೆ ನೆನೆದದ್ದನ್ನು ನಾವು ಗಮನಿಸದೆ ಮೂಲೆಗಿಟ್ಟಿದ್ದೆವು. ಮೂರು ದಿನ ಬಿಟ್ಟು ನೋಡಿದರೆ ಹೊಲಿಗೆಯ ಸಂದಿಯಿಂದ ಮೊಳಕೆ ಇಣುಕುತ್ತಿತ್ತು. ಆಮೇಲೆ ಮರಳು ತುಂಬಿದೆವು.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ. ಅದಕ್ಕೆ ನಾವು ಇಟ್ಟ ಹೆಸರು 'ಹಸನು ಮಾಡುವುದು'. ಫಿಲ್ಮಿನ ಕಾಲದಲ್ಲಿ ಸುರುಳಿಗೆ 36 ಚಿತ್ರ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932-2017) ಅವರಂಥವರು ಅಂಥ ಸುರುಳಿಗಳಲ್ಲಿಯೇ ಹೆಸರು ಮಾಡಿದರು. ನಾವು ಒಂದು ಬೆಳಿಗ್ಗೆ ಎಂಟು ನೂರು ತೆಗೆದು ಎಂಟನ್ನು ಉಳಿಸಿಕೊಳ್ಳುವ ಜನ. ಉಳಿದ ಆ ಎಂಟರಲ್ಲಿ ನೀರಿನ ಗೆರೆ ಓರೆಯಾಗಿದ್ದರೆ ನೇರ ಮಾಡುವುದು, ಬಿಳಿಯ ಎದೆ ಬಿಸಿಲಿಗೆ ಪೇಲವವಾಗಿದ್ದರೆ ಗರಿಗಳ ಗೆರೆ ಕಾಣುವಷ್ಟು ಬೆಳಕು ತಗ್ಗಿಸುವುದು, ಸೆನ್ಸರಿನ ಮೇಲೆ ಕೂತ ಧೂಳಿನ ಕಲೆ ಒರೆಸುವುದು. ಜೋಳದಲ್ಲಿ ಹರಳು ಆರಿಸಿದಂತೆ. ಎಲ್ಲಿಗೆ ನಿಲ್ಲಿಸಬೇಕೆಂಬುದೇ ತೊಡಕು. ನಿಸರ್ಗಚಿತ್ರಗಳ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಧೂಳಿನ ಕಲೆ ತೆಗೆಯಬಹುದು, ಚಿತ್ರದಲ್ಲಿದ್ದ ವಸ್ತುವನ್ನು ಅಳಿಸಲಾಗದು ಎಂಬ ನಿಯಮವಿದೆ. ನಾವು ಸ್ಪರ್ಧೆಗೆ ಕಳಿಸುವವರಲ್ಲ. ಮನೆಯ ಗೋಡೆಗೆಂಥ ನಿಯಮ ಎಂದುಕೊಂಡು, ಹಿಂದೆ ಬಿದ್ದಿದ್ದ ಗುಟ್ಕಾ ಚೀಟಿಯನ್ನೋ ಪ್ಲಾಸ್ಟಿಕ್ ಚೂರನ್ನೋ ಅಳಿಸುವುದನ್ನು ರೂಢಿ ಮಾಡಿಕೊಂಡಿದ್ದೆವು.

2025ರ ಫೆಬ್ರುವರಿಯ ಮೊದಲ ವಾರ. ಒಂದು ಪುಟ್ಟ ಗೊರವ ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ ನಮ್ಮ ಮುಂದೆಯೇ ಬಂತು. ಈ ಹಕ್ಕಿಗಳು ದಣಿವಾರಿಸಿಕೊಳ್ಳಲು ಒಂದು ಕಾಲನ್ನು ಗರಿಯೊಳಗೆ ಮಡಚಿಕೊಂಡು ನಿಲ್ಲುವುದುಂಟು, ಹಾಗೆಯೇ ಕುಪ್ಪಳಿಸುವುದೂ ಉಂಟು. ಇದೂ ಅದೇ ಎಂದುಕೊಂಡೆವು. ಬೆಳಕು ಬಂಗಾರದಂತಿತ್ತು. ರಾತ್ರಿ ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿದಾಗ ನಿಜ ಕಂಡಿತು. ಎತ್ತಿದ ಕಾಲಿನ ಬೆರಳುಗಳಿಗೆ ಬಲೆಯ ನೈಲಾನ್ ದಾರ ನಾಲ್ಕೈದು ಸುತ್ತು ಬಿಗಿದು, ಪಾದ ಊದಿಕೊಂಡಿತ್ತು. ನಿಂತು ತೆಗೆದಿದ್ದರೆ ಆ ಕಾಲು ಕಾಣುತ್ತಲೇ ಇರಲಿಲ್ಲ.

ಆಗ ನಾವು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಇಷ್ಟು ಒಳ್ಳೆಯ ಚಿತ್ರ ಕೆಟ್ಟಿತಲ್ಲ ಎಂದು ಮರುಗಿದೆವು. ಚಿತ್ರಕ್ಕಾಗಿ, ಹಕ್ಕಿಗಾಗಿ ಅಲ್ಲ. ಒಂದು ತಾಸು ಕೂತು ದಾರವನ್ನು ಅಳಿಸಿದೆವು. ಊದಿದ ಪಾದವನ್ನೂ ಬಿಡದೆ, ಇನ್ನೊಂದು ಹಕ್ಕಿಯ ಮಡಚಿದ ಕಾಲನ್ನು ತಂದು ಅಲ್ಲಿ ಕೂಡಿಸಿದೆವು. ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆವು.

ಶಿವರಾತ್ರಿಗೆ ಬಂದ ಬೀಗರು ಬಹಳ ಹೊಗಳಿದರು. ಅವರು ಹೊರಟ ಮೇಲೆ ನಮ್ಮ ಮನೆಯವರು ಚಿತ್ರದ ಮುಂದೆ ನಿಂತು, "ಅವತ್ತು ಇದು ಕುಂಟತಿತ್ತಲ್ರೀ, ನಾ ದುರ್ಬೀನಿನಾಗ ನೋಡೇನಿ" ಎಂದರು. ಮೂಲ ಚಿತ್ರವನ್ನು ತೆಗೆದು ತೋರಿಸಲೇಬೇಕಾಯಿತು. ಅವರು ಬಹಳ ಹೊತ್ತು ನೋಡಿದರು.

"ಚಿತ್ರದಾಗಿಂದ ದಾರ ತಗದ್ರಿ. ಅದರ ಕಾಲಾಗಿಂದ ಯಾರು ತಗೀಬೇಕು?"

ಉತ್ತರ ಹೇಳಲಾಗಲಿಲ್ಲ. ಮರುದಿನ ನಸುಕಿನಲ್ಲಿಯೇ ಇಬ್ಬರೂ ಕೆರೆಗೆ ಹೋದೆವು. ಸಿಕ್ಕರೂ ಹಿಡಿಯುವುದು ಹೇಗೆಂಬ ಯೋಚನೆಯನ್ನೇ ಮಾಡಿರಲಿಲ್ಲ. ನಾಲ್ಕು ಬೆಳಿಗ್ಗೆ ಹುಡುಕಿದೆವು. ಒಂಟಿಗಾಲಿನಲ್ಲಿ ನಿಂತ ಹಕ್ಕಿ ಕಂಡಾಗಲೆಲ್ಲ ಎದೆ ಹಾರುತ್ತಿತ್ತು. ತುಸು ಹೊತ್ತಿಗೆ ಅದು ಎರಡನೆಯ ಕಾಲನ್ನೂ ಊರಿ ನಡೆದುಬಿಡುತ್ತಿತ್ತು. ನಮ್ಮ ಹಕ್ಕಿ ಸಿಗಲಿಲ್ಲ. ಮೂರು ವಾರ ಬಹಳ ದೀರ್ಘ ಕಾಲ.

ಆ ಹುಡುಕಾಟದಲ್ಲಿಯೇ ದಾರದ ಮೂಲ ಕಣ್ಣಿಗೆ ಬಿತ್ತು. ಏರಿಯ ಕೆಳಗೆ ಬಲೆ ದುರಸ್ತಿ ಮಾಡುವ ಜಾಗದಲ್ಲಿ ಕತ್ತರಿಸಿ ಒಗೆದ ತುಂಡುಗಳು ಹುಲ್ಲಿನಂತೆ ಹರಡಿದ್ದವು. ಕೆರೆ ಹಿಂದೆ ಸರಿದ ಮೇಲೆ ಹಕ್ಕಿಗಳು ಮೇಯುವುದು ಅದೇ ನೆಲದಲ್ಲಿ. ಇಬ್ಬರೂ ಕೂತು ಆರಿಸತೊಡಗಿದಾಗ ಬಲೆ ಹೆಣೆಯುತ್ತಿದ್ದ ಹುಡುಗನೊಬ್ಬ ನಗುತ್ತ ಬಂದ. ವಿಷಯ ಕೇಳಿ, "ನಮ್ಮ ಕಾಲಿಗೂ ಸುತ್ತತೈತ್ರಿ ಅದು" ಎಂದವನೇ ಖಾಲಿ ಸಿಮೆಂಟು ಚೀಲವೊಂದನ್ನು ತಂದು ಜಾಲಿಯ ಟೊಂಗೆಗೆ ಕಟ್ಟಿದ. ಅಂದೇ ಅದು ಅರ್ಧ ತುಂಬಿತು. ಈಗ ಅವರು ತುಂಡುಗಳನ್ನು ಅದರಲ್ಲಿಯೇ ಹಾಕುತ್ತಾರೆ. ಮರೆತ ದಿನ ನಾವು ಆರಿಸುತ್ತೇವೆ.

ಪಡಸಾಲೆಯ ಕಟ್ಟಿನಲ್ಲಿ ಈಗ ಮೂಲ ಚಿತ್ರವಿದೆ. ನೀರಿನ ಗೆರೆಯನ್ನು ನೇರ ಮಾಡಿದ್ದೇವೆ, ಧೂಳಿನ ಕಲೆ ತೆಗೆದಿದ್ದೇವೆ, ಹಕ್ಕಿಯನ್ನು ಮುಟ್ಟಿಲ್ಲ. ಬಂದವರು ಹೊಗಳುವ ಮುನ್ನ ಕಾಲಿಗೆ ಏನದು ಎಂದು ಕೇಳುತ್ತಾರೆ. ಬೀಗರಿಗೂ ಹೇಳಿದೆವು, ತುಸು ನಾಚಿಕೆಯಿಂದಲೇ.

ಮಳೆಗಾಲ ಮುಗಿಯುವ ಹೊತ್ತಿಗೆ ಪುಟ್ಟ ಗೊರವಗಳು ಮರಳಿ ಬಂದವು. ನಾವು ಕೆಸರಿನಲ್ಲಿ ಮಲಗಿರುತ್ತೇವೆ. ನಮ್ಮ ಮನೆಯವರು ಏರಿಯ ಮೇಲೆ ದುರ್ಬೀನು ಹಿಡಿದು ಕೂತು, ಒಂದೊಂದೇ ಹಕ್ಕಿ ಎರಡೂ ಕಾಲೂರುವವರೆಗೆ ಕಾಯುತ್ತಾರೆ. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.