ಅತ್ತೆಯ ಶಂಖ

ನಮ್ಮ ಅತ್ತೆಯ ಮಡಿ ದಾವಣಗೆರೆಯ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಮಗಳಿಗೆ ರಕ್ತ ಕಡಿಮೆಯಾಗಿ, ಡಾಕ್ಟರು ದಿನಕ್ಕೊಂದು ಮೊಟ್ಟೆ ಕೊಡಿ ಎಂದಾಗ, "ನಾನಿರೋವರೆಗೂ ಅದು ಈ ಹೊಸಿಲು ದಾಟಬಾರದು" ಅಂದರು. ದಾಟಲಿಲ್ಲ. ಮಾತ್ರೆಗಳಲ್ಲೇ ಹುಡುಗಿ ಚೇತರಿಸಿಕೊಂಡಳು ಅನ್ನಿ. ಆದರೆ ಆ ಮಾತನ್ನು ಮರೆಯಲಿಲ್ಲ.

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುವಾಗ, ಒಂದು ದಿನ ತೀರ್ಥಕ್ಕೆ ನಿಂತವಳೇ ಕೇಳಿದಳು: "ಅಜ್ಜಿ, ಈ ಶಂಖದೊಳಗಿದ್ದ ಪ್ರಾಣಿ ಏನು ತಿಂತಿತ್ತು ಗೊತ್ತಾ? ಹುಳ!"

ಅತ್ತೆ ಚಾಚಿದ ಕೈ ಹಿಂದೆಗೆದರು.

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಪೂಜೆಯ ಶಂಖ ಟರ್ಬಿನೆಲ್ಲಾ ಎಂಬ ಕುಲದ ಸಮುದ್ರದ ಬಸವನಹುಳುವಿನ ಚಿಪ್ಪು. ಅದು ಕಡಲ ತಳದ ಮರಳಲ್ಲಿ ಕೊಳವೆ ಕಟ್ಟಿಕೊಂಡಿರುವ ಹುಳುಗಳನ್ನು ಬೇಟೆಯಾಡುತ್ತದೆ. ಬದುಕಿದ್ದಾಗ ಬೆಳ್ಳಗೂ ಇರುವುದಿಲ್ಲ, ಮೈಮೇಲೆ ಕಂದು ಸಿಪ್ಪೆ. ಇದರ ದಾಯಾದಿಗಳು ಮೆಕ್ಸಿಕೋ ಕಡೆಯ ಕಡಲಲ್ಲಿ ಇಂದಿಗೂ ಇದ್ದಾವೆ. ಫ್ಲಾರಿಡಾದ ನೆಲದಲ್ಲಿ ಲಕ್ಷಾಂತರ ವರ್ಷ ಹಿಂದಿನ ಪಳೆಯುಳಿಕೆಯಾಗಿ ಸಿಕ್ಕ ಒಂದಕ್ಕೆ 'ರೆಜಿನಾ', ಅಂದರೆ ರಾಣಿ, ಎಂದೇ ಹೆಸರು. ಪೂಜೆ ಮಾಡುವ ಮನುಷ್ಯನೇ ಹುಟ್ಟದ ಕಾಲದ ರಾಣಿ!

ವಾರವಿಡೀ ಅತ್ತೆ ತೀರ್ಥ ಮುಟ್ಟಲಿಲ್ಲ. ಆಮೇಲೆ, "ಹರಿಹರಕ್ಕೆ ಹೋಗೋಣ ನಡಿಯೇ" ಅಂದರು. ಅದು ಅವರ ತವರು. ಶಂಖವೂ ತವರಿನದೇ, ಅವರಪ್ಪ ಕೊಟ್ಟದ್ದು. 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯಲ್ಲಿ ಹರಿಹರೇಶ್ವರನ ಮುಂದೆ ಬಹಳ ಹೊತ್ತು ನಿಂತರು. ಅರ್ಧ ಹರ, ಅರ್ಧ ಹರಿ. ಹರಿ ಅಂದ ಮೇಲೆ ಶಂಖ ಬಿಟ್ಟೀತೇ? ಅಲ್ಲಿಂದ ತುಂಗಭದ್ರೆಗೆ ಇಳಿದೆವು. ಸೆರಗಿನಲ್ಲಿ ಸುತ್ತಿದ್ದ ಶಂಖ ಹೊರಗೆ ಬಂದಾಗಲೇ ನನಗೆ ತಿಳಿದದ್ದು, ಹೊಳೆಗೆ ಬಿಡಲು ಬಂದಿದ್ದಾರೆಂದು.

ಬಿಡಲಿಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು ನನ್ನತ್ತ ತಿರುಗಿ ಕೇಳಿದರು: "ತಾನಾಗಿ ಸತ್ತ ಮೇಲೆ ಸಿಕ್ಕಿದ್ದೋ, ಕೊಂದು ತಂದಿದ್ದೋ? ಮಗಳ ಪುಸ್ತಕ ಓದ್ತೀಯಲ್ಲ, ಹೇಳು."

ಓದಿದ್ದೆ. ತೂತುಕುಡಿಯಲ್ಲಿ ಮುಳುಗುಗಾರರು ಜೀವಂತ ಶಂಖವನ್ನೇ ಎತ್ತಿ ತರುತ್ತಾರೆ, ಮಾಂಸ ಕೊಳೆಸಿಯೋ ಕಿತ್ತೋ ತೆಗೆಯುತ್ತಾರೆ. ಸತ್ತು ಎಷ್ಟೋ ಕಾಲವಾದವನ್ನು ಜಾಫ್ನಾದ ಹಿನ್ನೀರಿನ ಕೆಸರಿನಿಂದ ಅಗೆದು ತೆಗೆಯುತ್ತಿದ್ದದ್ದೂ ಉಂಟು. ಆದರೆ ಅವು ಮಾಸಿದ ಚಿಪ್ಪುಗಳು. ಅತ್ತೆಯ ಕೈಯಲ್ಲಿದ್ದದ್ದು ಹಾಲಿನಂತೆ ಹೊಳೆಯುತ್ತಿತ್ತು.

ಮೊಟ್ಟೆಯ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು, ನೋಡಿ. ಎಂಬತ್ತರ ಆ ಕೈ ನಡುಗುತ್ತಿತ್ತು.

"ಸತ್ತ ಮೇಲೆ ಸಿಕ್ಕಿದ್ದು, ಅತ್ತೆ. ಕೆಸರಿನಿಂದ ಅಗೆದದ್ದು" ಅಂದೆ.

ಅವರು ಶಂಖವನ್ನು ಹೊಳೆಯ ನೀರಲ್ಲಿ ಮೂರು ಸಲ ತೊಳೆದು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡರು.

ಬಸ್ಸಿನಲ್ಲಿ, ದಾವಣಗೆರೆ ಹತ್ತಿರವಾದಾಗ, "ಹುಡುಗಿಗೆ ಇದನ್ನೇನೂ ಹೇಳಬೇಡ" ಅಂದರು. ಯಾವುದನ್ನು ಎಂದು ನಾನು ಕೇಳಲಿಲ್ಲ.