ಒಂದೇ ಜ್ವರ, ಹಲವು ಪಾಡು

ದೇವರಾಯನದುರ್ಗದಲ್ಲಿ ಯೋಗನರಸಿಂಹನ ಗುಡಿಯ ಮೆಟ್ಟಿಲುಗಳನ್ನು ಒಂದೇ ಮನೆಯವರು ಜೊತೆಯಾಗಿ ಏರಿದರೂ ಏದುಸಿರು ಎಲ್ಲರಿಗೂ ಸಮನಾಗಿರದು. ವೈರಸ್ ರೋಗವೂ ಹಾಗೆಯೇ. ಅಣ್ಣನಿಗೆ ನೆಗಡಿಯಾಗಿ ತೀರಿದ್ದು ತಮ್ಮನನ್ನು ಆಸ್ಪತ್ರೆಗೆ ಸೇರಿಸುತ್ತದೆ. ಆಗ ದೂರೆಲ್ಲ ತಾಯಿಯ ಆರೈಕೆಯ ಮೇಲೆ!

ಈ ದೂರು ನ್ಯಾಯವೇ? ಕೋವಿಡ್ ಉಲ್ಬಣಿಸುವ ಸಂಭವವನ್ನು ಹೆಚ್ಚಿಸುವ, ಮೂರನೆಯ ವರ್ಣತಂತುವಿನ ಒಂದು ತುಣುಕು ನಿಯಾಂಡರ್ಥಲ್ ಮಾನವರಿಂದ ಬಂದ ಬಳುವಳಿಯೆಂದು 2020ರಲ್ಲಿ ಹ್ಯೂಗೋ ಝೆಬರ್ಗ್, ಸ್ವಾಂಟೆ ಪೇಬೊ ತೋರಿಸಿದರು. ದಕ್ಷಿಣ ಏಷ್ಯದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಹೊತ್ತಿದ್ದಾರೆ. ಆದರೂ ಅದು ಹಣೆಬರಹವಲ್ಲ. ವಯಸ್ಸು, ಸಕ್ಕರೆ ಕಾಯಿಲೆಗಳ ಪಾಲೂ ಉಂಟು.

ಜೀವಸತ್ವಗಳ ಮಾತು ಬೇರೆ. ‘ಎ’ ಕೊರತೆಯುಳ್ಳ ಮಗುವಿಗೆ ದಡಾರ ಬಂದರೆ ಕಣ್ಣಿಗೂ ಪ್ರಾಣಕ್ಕೂ ಅಪಾಯ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯೊಡನೆ ‘ಎ’ ದ್ರಾವಣವನ್ನೂ ಕುಡಿಸುವರು. ‘ಡಿ’ಯ ಕತೆ ಅಷ್ಟು ನೇರವಲ್ಲ. ಕೊರತೆಯಿದ್ದವರಲ್ಲಿ ಕೋವಿಡ್ ತೀವ್ರವಾಗಿ ಕಂಡಿತಾದರೂ, 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಗುಳಿಗೆ ನುಂಗಿದವರಿಗೆ ಹೆಚ್ಚಿನ ರಕ್ಷಣೆ ದೊರೆಯಲಿಲ್ಲ.

ಹಿರಿಯರು ಬಿಟ್ಟುಹೋದುದನ್ನು ಅಳಿಸಲಾಗದು. ನುಗ್ಗೆಸೊಪ್ಪು, ಪರಂಗಿಹಣ್ಣು, ಸಕಾಲದ ಲಸಿಕೆ ಇವಿಷ್ಟು ಮನೆಯವರ ಕೈಯಲ್ಲಿವೆ. ಅಷ್ಟನ್ನು ಮಾಡಿದ ತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ.